ಗೋಡೆಯ ಹಾಗೆ ಕೂರುವ ವಿಧಾನ

ಎಂ.ಎ. ಮನೋವಿಜ್ಞಾನದ ಎರಡನೇ ವರ್ಷದಲ್ಲಿ ನಮಗೆಲ್ಲ ಒಂದೊಂದು ಮಗುವನ್ನು ಹುಡುಕಿಕೊಳ್ಳಲು ಹೇಳಿದರು. ಮಗುವಿಗೆ ಮೂರು ವರ್ಷ ತುಂಬಿರಬಾರದು. ಅದರ ಮನೆಗೇ ಹೋಗಿ ಕೂತು ನೋಡಬೇಕು, ಕಂಡದ್ದನ್ನು ಬರೆಯಬೇಕು. ಇದಕ್ಕೆ ಸಹಜ ಅವಲೋಕನ ವಿಧಾನ ಎಂದು ಹೆಸರು. ಮಗುವನ್ನು ಮಾತಾಡಿಸಬಾರದು, ಎತ್ತಿಕೊಳ್ಳಬಾರದು. ಬಿದ್ದರೆ ಎಬ್ಬಿಸಲು ಮನೆಯವರಿದ್ದಾರೆ. ಗೋಡೆಯ ಹಾಗೆ ಕೂತುಕೊಳ್ಳಿ ಎಂದರು ನಮ್ಮ ಮೇಡಂ. ‘ಮಗುವಿಗೆ ಸಿಟ್ಟು ಬಂತು’ ಎಂದು ಬರೆದರೆ ಕೆಂಪು ಗೆರೆ ಬೀಳುತ್ತಿತ್ತು. ‘ಮಗು ಚಮಚ ಎಸೆಯಿತು’ ಎಂದು ಬರೆಯಬೇಕು. ಸಿಟ್ಟು ನಮ್ಮ ಊಹೆ, ಚಮಚ ಮಾತ್ರ ನಿಜ.

ಆಗ ನಾನು ದಾವಣಗೆರೆಯ ಸರಸ್ವತಿ ನಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ. ಚಿಕ್ಕಮ್ಮನಿಗೆ ರವಿಕೆ ಹೊಲಿದುಕೊಡುತ್ತಿದ್ದ ನಿಟ್ಟುವಳ್ಳಿಯ ಹೆಂಗಸಿಗೆ ಎರಡೂವರೆ ವರ್ಷದ ಮಗಳಿದ್ದಳು. ಗಂಡ ಆಟೋ ಓಡಿಸುತ್ತಿದ್ದ. ಮನೆ ನಡೆಸುತ್ತಿದ್ದವರು ಅವನ ತಾಯಿ. ಮೊದಲ ದಿನ ಆ ಅಜ್ಜಿ ನನ್ನನ್ನು ಅಂಗನವಾಡಿಯವಳೆಂದು ತಿಳಿದು ಮಗುವಿನ ತೂಕ ಹಾಕಲು ತಕ್ಕಡಿ ಎಲ್ಲಿ ಎಂದು ಕೇಳಿದರು. ಸುಮ್ಮನೆ ಕೂತು ನೋಡಲು ಬಂದಿದ್ದೇನೆ ಎಂದೆ. ಅದಕ್ಕೂ ಓದಬೇಕೇನು ಎಂದು ಕೇಳಿ ಚಹಾ ಇಟ್ಟರು.

ಮಗು ಚುರುಕಾಗಿತ್ತು. ಅಮ್ಮ ಹೊಲಿಯುವಾಗ ದಾರದ ಖಾಲಿ ರೀಲುಗಳನ್ನು ಒಂದರ ಮೇಲೊಂದು ಪೇರಿಸುತ್ತಿತ್ತು. ಬಟ್ಟೆಯ ಚೂರುಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿತ್ತು. ಮಾತು ಮಾತ್ರ ಬಂದಿರಲಿಲ್ಲ. ಇವರಪ್ಪನಿಗೂ ತಡವಾಗಿಯೇ ಮಾತು ಬಂದದ್ದು, ಈಗ ಬಾಯಿ ಮುಚ್ಚಿಸೋಕೆ ಆಗೋದಿಲ್ಲ ಎಂದು ಅಜ್ಜಿ ಹೇಳುತ್ತಿದ್ದರು. ನನ್ನ ಪಠ್ಯಪುಸ್ತಕವೂ ಅಜ್ಜಿಯ ಪರವಾಗಿಯೇ ಇತ್ತು. ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ, ವೈಯಕ್ತಿಕ ಭಿನ್ನತೆ ಸಹಜ ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು.

ಕಿವಿ ಸರಿಯಾಗಿದೆ ಎಂಬುದಕ್ಕೆ ಮನೆಯವರ ಬಳಿ ಒಂದು ಆಧಾರವಿತ್ತು. ಸಂಜೆ ಅಪ್ಪನ ಆಟೋ ಬಂದು ನಿಂತರೆ ಮಗು ಬಾಗಿಲಿಗೆ ಓಡುತ್ತಿತ್ತು. ನಾನೂ ಹಾಗೆಯೇ ಬರೆದುಕೊಂಡಿದ್ದೆ. ಆದರೆ ಒಂದು ಸಂಜೆ ಮಗು ಬಾಗಿಲಿಗೆ ಬೆನ್ನು ಹಾಕಿ ಕೂತಿತ್ತು. ಆಟೋ ಬಂತು, ಅಪ್ಪ ಹೊರಗಿನಿಂದಲೇ ಕರೆದ. ಅದು ರೀಲು ಪೇರಿಸುತ್ತಲೇ ಇತ್ತು. ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಅದರ ಮುಂದಿನಿಂದ ಎದ್ದು ಹೋದಾಗ, ತಿರುಗಿ ನೋಡಿ ಓಡಿತು. ಆಮೇಲೆ ಗಮನವಿಟ್ಟು ನೋಡಿದೆ. ಅದು ಓಡುತ್ತಿದ್ದದ್ದು ಆಟೋದ ಸದ್ದಿಗಲ್ಲ, ಅಜ್ಜಿ ಏಳುವುದನ್ನು ಕಂಡು.

ಗೋಡೆ ಇಂಥದ್ದನ್ನು ಹೇಳುವ ಹಾಗಿಲ್ಲ. ಹೇಳಿದೆ.

ಅಮ್ಮ ಹೊಲಿಗೆ ನಿಲ್ಲಿಸದೆ, “ನಮ್ ಹುಡುಗೀಗೆ ಏನೂ ಆಗಿಲ್ರೀ. ನೀವು ನೋಡೋಕೆ ಬಂದೀರಿ, ನೋಡ್ಕೊಂಡು ಹೋಗ್ರಿ” ಎಂದಳು.

ಅಜ್ಜಿ ಒಳಗಿನಿಂದ ಒಂದು ಸ್ಟೀಲ್ ತಟ್ಟೆ ತಂದು ಮಗುವಿನ ಹಿಂದೆ ನೆಲಕ್ಕೆ ಬಿಟ್ಟರು. ಮಗು ತಿರುಗಿತು. ಅಜ್ಜಿ ನನ್ನ ಕಡೆ ನೋಡಿದರು. ಆ ಕ್ಷಣಕ್ಕೆ ನನಗೂ ಸಮಾಧಾನವಾಯಿತು. ಆದರೆ ಪ್ರಯೋಗ ಎಂದರೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು ಎಂದು ನಮಗೆ ಕಲಿಸಿದ್ದರು. ಇಲ್ಲಿ ಸದ್ದಿನ ಜೊತೆಗೆ ನೆಲವೂ ನಡುಗಿತ್ತು.

“ಅಜ್ಜಿ, ತಟ್ಟೆ ಕೈಯಾಗೇ ಹಿಡ್ಕೊಂಡು ಬಡೀರಿ” ಎಂದೆ.

ಅವರು ತಟ್ಟೆಯನ್ನು ಎತ್ತಿ ಹಿಡಿದು ಸೌಟಿನಿಂದ ಬಡಿದರು. ಪಕ್ಕದ ಮನೆಯವರು ಏನಾಯಿತೆಂದು ಇಣುಕಿದರು. ಮಗು ನೀಲಿ ಚೂರನ್ನು ನೀಲಿ ಗುಡ್ಡೆಗೆ ಹಾಕಿತು. ಅಜ್ಜಿ ಇನ್ನೊಮ್ಮೆ ಬಡಿದರು, ಮತ್ತೊಮ್ಮೆ ಬಡಿದರು. ಕೊನೆಗೆ ಸೌಟನ್ನು ಕಿಟಕಿಯಲ್ಲಿಟ್ಟು ಮಗನಿಗೆ ಫೋನು ಮಾಡಿ, ನಾಳೆ ಬಾಡಿಗೆ ಬ್ಯಾಡ, ಆಸ್ಪತ್ರೆಗೆ ಹೋಗೋದೈತೆ ಎಂದರು.

ನನ್ನನ್ನೂ ಕರೆದುಕೊಂಡು ಹೋದರು. ಡಾಕ್ಟರಿಗೆ ಸರಿಯಾಗಿ ಹೇಳಲು ಒಬ್ಬರು ಬೇಕು ಎಂಬುದು ಅಜ್ಜಿಯ ವಾದ. ಮಗುವಿಗೆ ತೀರಾ ಕಡಿಮೆ ಕೇಳುತ್ತದೆ, ಕಿವಿಗೆ ಯಂತ್ರ ಹಾಕಿ ಮಾತು ಕಲಿಸಬೇಕು, ಇನ್ನು ತಡ ಮಾಡಬೇಡಿ ಎಂದರು ಡಾಕ್ಟರು. ಭಾಷೆ ಕಲಿಯುವುದಕ್ಕೆ ನಿರ್ಣಾಯಕ ಅವಧಿ ಎಂದು ಒಂದಿದೆ. ನಾನು ಅದನ್ನು ಐದು ಅಂಕದ ಟಿಪ್ಪಣಿಯಾಗಿ ಓದಿದ್ದೆ.

ವಾಪಸು ಬರುವಾಗ ಮಗುವಿನ ಅಪ್ಪ ಮುಂದೆ ಆಟೋ ಓಡಿಸುತ್ತಿದ್ದ. ಅಜ್ಜಿಯ ತೊಡೆಯ ಮೇಲೆ ಮಗು ನಿದ್ದೆ ಹೋಗಿತ್ತು. ಅಮ್ಮ ನನ್ನ ಪಕ್ಕದಲ್ಲಿ ಕೂತು ರಸ್ತೆ ನೋಡುತ್ತಿದ್ದಳು.

“ನಂಗೆ ಗೊತ್ತಿತ್ರಿ. ಯಾರೂ ಇಲ್ದಾಗ ಹಿಂದೆ ನಿಂತು ಕರೀತಿದ್ದೆ. ತಿರುಗ್ತಿರಲಿಲ್ಲ” ಎಂದಳು.

ಯಾಕ ಹೇಳಲಿಲ್ಲ ಎಂದು ಅಜ್ಜಿ ಕೇಳಿದರು.

“ಬಾಯಿಬಿಟ್ಟು ಹೇಳಿದ್ರೆ ಖರೇ ಆಗಿಬಿಡ್ತೈತೆ ಅನ್ನಿಸ್ತಿತ್ತು, ಅತ್ತಿ.”

ಅಜ್ಜಿ ಮಗುವಿನ ತಲೆಯ ಕೆಳಗಿದ್ದ ಕೈ ತೆಗೆಯದೆ, ಇನ್ನೊಂದು ಕೈಯನ್ನು ಸೊಸೆಯ ಮೊಣಕಾಲ ಮೇಲಿಟ್ಟರು. ಮನೆ ಬರುವವರೆಗೂ ಅದು ಅಲ್ಲೇ ಇತ್ತು.

ಮೇಡಂಗೆ ಎಲ್ಲವನ್ನೂ ಹೇಳಿದೆ. ಅವರು, ಇದು ಇನ್ನು ಸಹಜ ಅವಲೋಕನ ಆಗುವುದಿಲ್ಲ, ಶೀರ್ಷಿಕೆ ಹೊಡೆದುಹಾಕಿ ‘ವ್ಯಕ್ತಿ ಅಧ್ಯಯನ’ ಎಂದು ಬರೆಯಿರಿ ಎಂದರು. ವಿಧಾನ ಬದಲಾಯಿತು. ಮಗುವಿಗೆ ಹೇಗಿದೆ ಎಂದು ಅವರು ಆಮೇಲೆ ಆಗಾಗ ಕೇಳುತ್ತಿದ್ದರು, ಪರೀಕ್ಷೆ ಮುಗಿದ ಮೇಲೂ.

ಮಗುವಿನ ಕಿವಿಗೆ ಯಂತ್ರ ಬಂತು. ಮಾತು ಕಲಿಸುವ ಶಿಕ್ಷಕಿಯೊಬ್ಬರು ಹರಿಹರದಲ್ಲಿ ಸಿಕ್ಕರು, ಅಮ್ಮನ ತವರಿನ ಹತ್ತಿರ. ಅಮ್ಮ ಮಗುವನ್ನೂ ಹೊಲಿಗೆ ಯಂತ್ರವನ್ನೂ ಆಟೋದಲ್ಲಿ ಹಾಕಿಕೊಂಡು ಅಲ್ಲಿಗೆ ಹೋದಳು. ಅಜ್ಜಿ ಭಾನುವಾರಗಳಂದು ಬಸ್ಸಿನಲ್ಲಿ ಹೋಗುತ್ತಿದ್ದರು, ನಾನೂ ಕೆಲವು ಸಲ ಜೊತೆಗಿದ್ದೆ. ಶಿಕ್ಷಕಿ ತಿಂಗಳುಗಟ್ಟಲೆ ‘ಅಮ್ಮ’ ಎಂಬ ಮಾತನ್ನು ಹೇಳಿಸಲು ಒದ್ದಾಡುತ್ತಿದ್ದರು. ಅಂಥ ಒಂದು ಭಾನುವಾರ ಅಜ್ಜಿ ಹಟ ಹಿಡಿದು ಅನ್ನ ತಿನ್ನಿಸುತ್ತಿದ್ದಾಗ ಮಗು ಅವರ ಕೈ ತಳ್ಳಿ, “ಬ್ಯಾಡ” ಎಂದಿತು.

ಅಮ್ಮ ಹೊಲಿಯುತ್ತಿದ್ದವಳು ಯಂತ್ರ ನಿಲ್ಲಿಸಿದಳು. ಅಜ್ಜಿ ತಟಕ್ಕನೆ ಇನ್ನೊಂದು ತುತ್ತು ಮುಂದೆ ಹಿಡಿದರು. ಅದು ಮತ್ತೆ “ಬ್ಯಾಡ” ಎಂದಿತು. ಹೊಟ್ಟೆ ತುಂಬಿದ್ದ ಮಗುವಿನ ಮುಂದೆ ಆ ಮಧ್ಯಾಹ್ನ ಎಷ್ಟು ತುತ್ತು ಹಿಡಿದರೋ. ಅಮ್ಮ ಅಳುತ್ತಾ ನಗುತ್ತಾ ಸಾಕು ಅತ್ತಿ ಎನ್ನುತ್ತಿದ್ದಳು. ಮೊದಲ ಮಾತು ತನಗೇ ಹೇಳಿದಳು ಎಂದು ಅಜ್ಜಿ ನಿಟ್ಟುವಳ್ಳಿಯಲ್ಲೆಲ್ಲ ಹೇಳಿದರು. ಏನೆಂದು ಹೇಳಿದಳು ಎಂಬುದನ್ನು ಕೇಳಿದವರಿಗೆ ಮಾತ್ರ ತಿಳಿಸಿದರು.

ಈಗ ಅವಳು ಅಮ್ಮನ ಜೊತೆ ದಾವಣಗೆರೆಗೆ ಮರಳಿ ಅಲ್ಲೇ ಶಾಲೆಗೆ ಹೋಗುತ್ತಾಳೆ. ‘ಸ’ ಮತ್ತು ‘ಶ’ ಅವಳ ಬಾಯಲ್ಲಿ ಒಂದೇ ಆಗಿ ಬರುತ್ತವೆ. ಓಣಿಯಲ್ಲಿ ಎಲ್ಲರಿಗೂ ಹಾಗೆಯೇ ಬರುವುದರಿಂದ ಯಾರೂ ಅದನ್ನು ಗಮನಿಸಿಲ್ಲ. ನಾನು ಕಾಲೇಜಿನಲ್ಲಿ ಮನೋವಿಜ್ಞಾನ ಪಾಠ ಮಾಡುತ್ತೇನೆ, ರಜೆ ಬಂದಾಗ ಅವರ ಮನೆಗೆ ಹೋಗುತ್ತೇನೆ. ನಾನು ಅವಳಮ್ಮನ ಜೊತೆ ಮಾತಾಡುತ್ತಿದ್ದರೆ ಅವಳು ಬಂದು ನನ್ನ ಕೆನ್ನೆಗಳನ್ನು ಎರಡೂ ಕೈಯಲ್ಲಿ ಹಿಡಿದು, ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, ಆಮೇಲೆ ಮಾತು ಶುರು ಮಾಡುತ್ತಾಳೆ. ಮುಗಿಯುವವರೆಗೂ ಬಿಡುವುದಿಲ್ಲ.