ಒದ್ದೆಯಾದ ಪ್ಲಾಸ್ಟರ್

ಬಚ್ಚಲಿನಲ್ಲಿ ತಂಬಿಗೆಯಿಂದ ನೀರು ಸುರಿಯುವ ಸದ್ದು. ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದೆ. ಬಾಣಂತಿ ಮಗಳು ನಿದ್ದೆಯಲ್ಲಿದ್ದಳು. ಹಾಗಾದರೆ ಎರೆಯುತ್ತಿರುವುದು ಯಾರಿಗೆ? ಕಪ್ಪು ಹಿಡಿದುಕೊಂಡೇ ಓಡಿದೆ.

ಹಿಂದಿನ ದಿನವಷ್ಟೇ ಹಮ್ಮಿಗಿಯಿಂದ ಬಂದಿದ್ದ ಮಗಳ ಅತ್ತೆ, ನನ್ನ ಬೀಗತಿ, ಕಾಲು ನೀಡಿ ಕೂತು, ಅದರ ಮೇಲೆ ಕೂಸನ್ನು ಮಲಗಿಸಿಕೊಂಡು ಬಿಸಿನೀರು ಹಾಕುತ್ತಿದ್ದರು. ಹುಟ್ಟುವಾಗಲೇ ಕೂಸಿನ ಪಾದಗಳೆರಡೂ ಒಳಕ್ಕೆ ತಿರುಚಿಕೊಂಡಿದ್ದವು. ಕ್ಲಬ್‌ಫುಟ್. ಗದಗಿನ ಡಾಕ್ಟರು ವಾರಕ್ಕೊಮ್ಮೆ ಅವನ್ನು ಸ್ವಲ್ಪ ಸ್ವಲ್ಪವೇ ಹೊರಕ್ಕೆ ತಿರುಗಿಸಿ ತೊಡೆಯವರೆಗೆ ಪ್ಲಾಸ್ಟರ್ ಹಾಕುತ್ತಿದ್ದರು. ನೀರು ಸೋಕಬಾರದೆಂದು ಸ್ಟ್ರಿಕ್ಟ್ ಆಗಿ ಹೇಳಿದ್ದರು. ಈಗ ಅದು ನೆನೆದ ಹಿಟ್ಟಿನಂತೆ ಜಾರುತ್ತಿತ್ತು.

“ಏನ್ ಮಾಡಿದ್ರಿ ಇದು!”

“ಎರದೆ. ಎಣ್ಣಿ-ನೀರು ಕಾಣದ ಕೂಸು ಎಲ್ಲೆರ ಐತೇನ್ರಿ ಅಕ್ಕಾರ? ದಿನಾ ತಿಕ್ಕಿದ್ರ ಕಾಲು ತಾವ ನೆಟ್ಟಗಾಗ್ತಾವು. ನೀವು ಕಲ್ತ ಕಾನ್ವೆಂಟ್ ಸಾಲ್ಯಾಗ ಬಾಣಂತನಾನೂ ಕಲಿಸಿದ್ರೇನು?”

ಇಂಪಾಸಿಬಲ್ ವುಮನ್! ಕೂಸನ್ನೆತ್ತಿಕೊಂಡು ಇಬ್ಬರೂ ಆಟೋದಲ್ಲಿ ಆಸ್ಪತ್ರೆಗೆ ಹೊರಟೆವು. ನನಗೆ ಮುಂದಿನದೇ ಚಿಂತೆ. ಬಾಣಂತನ ಮುಗಿದರೆ ಕೂಸು ಹಮ್ಮಿಗಿಗೆ ಹೋಗುತ್ತದೆ. ಪ್ಲಾಸ್ಟರೇನೋ ಅಷ್ಟರಲ್ಲಿ ಮುಗಿದೀತು. ಆಮೇಲೆ ಪಟ್ಟಿ ಜೋಡಿಸಿದ ಬೂಟುಗಳನ್ನು, ಅಂದರೆ ಬ್ರೇಸನ್ನು, ಮೊದಲ ಕೆಲವು ತಿಂಗಳು ಹಗಲೂ ರಾತ್ರಿ, ಆಮೇಲೆ ರಾತ್ರಿ ಹೊತ್ತು ವರ್ಷಗಟ್ಟಲೆ ಹಾಕಬೇಕು. ಬಿಟ್ಟರೆ ಪಾದ ಮತ್ತೆ ತಿರುಗುತ್ತದೆ. ಈಕೆ ಹಾಕಲು ಬಿಟ್ಟಾರೆಯೇ?

ಡಾಕ್ಟರು ಬೈಯಲಿಲ್ಲ. “ಬರ್ರಿ ಅಜ್ಜಿ, ಮೊಣಕಾಲು ನೀವ ಹಿಡೀರಿ” ಎಂದರು. ಹೊಸ ಪ್ಲಾಸ್ಟರ್ ಸುತ್ತುವ ಮುನ್ನ ಪಾದವನ್ನು ಮೆಲ್ಲಗೆ ಒತ್ತಿ ತಿರುಗಿಸಿದಾಗ ಕೂಸು ಚೀರಿತು. ಬೀಗತಿ ಕೈ ಬಿಡಲಿಲ್ಲ. “ಆತೋ ನನ್ನ ರಾಜಾ, ಆತು” ಎನ್ನುತ್ತ ತಾವೇ ಅತ್ತರು.

ಹೊರಗೆ ಬಂದು ನನ್ನನ್ನು ಕೇಳಿದರು, “ಒದ್ದಿ ಅರಿವಿಲೆ ಮೈಯರ ಒರಸ್ಲೇನ್ರಿ?”

ಕೂಸು ಹಮ್ಮಿಗಿಗೆ ಹೋದ ಮೇಲೆ ದಿನಾ ಸಂಜೆ ನನ್ನ ಫೋನು. “ಬೂಟು?” “ಹಾಕೀನ್ರಿ.” ಖರೆ ಹೇಳುತ್ತಾರೋ, ನನ್ನ ಬಾಯಿ ಮುಚ್ಚಿಸಲೋ? ನಂಬಬೇಕೆನಿಸುತ್ತಿತ್ತು. ನಿದ್ದೆ ಮಾತ್ರ ಬರುತ್ತಿರಲಿಲ್ಲ.

ಬೀಗತಿ ತೀರಿಕೊಳ್ಳುವ ಮುಂಚೆ ನಾನು ಅವರನ್ನು ಕೊನೆಯ ಸಲ ಕಂಡದ್ದು ಮುಂಡರಗಿ ಬಸ್‌ಸ್ಟ್ಯಾಂಡಿನಲ್ಲಿ. ಹಮ್ಮಿಗಿಯಿಂದ ಮರಳುತ್ತಿದ್ದ ನನ್ನನ್ನು ಗದಗಿನ ಬಸ್ಸು ಹತ್ತಿಸಲು ಬಂದಿದ್ದರು. ವರ್ಷ ದಾಟಿದ ಮೊಮ್ಮಗ ಕಂಕುಳಲ್ಲಿ, ಬರಿಗಾಲಲ್ಲಿ. ಈಗ ಹಗಲು ಬ್ರೇಸ್ ಬೇಡ, ಗೊತ್ತು. ಆದರೂ ನನ್ನ ಕಣ್ಣು ಅಲ್ಲೇ.

“ಬರೇ ಕಾಲ ನೋಡ್ತೀರಲ್ರಿ, ಒಮ್ಮೆರ ಕೂಸಿನ ಮಾರಿ ನೋಡ್ರಿ!” ಎಂದು ಅವನನ್ನು ನೆಲಕ್ಕಿಳಿಸಿದರು. ಅಜ್ಜಿಯ ಸೀರೆ ಹಿಡಿದು ನಿಂತ. ಹಿಮ್ಮಡಿ ಊರಿದೆಯೇ ಎಂದು ಬಗ್ಗುವಷ್ಟರಲ್ಲಿ ಕಂಡಕ್ಟರು ಸೀಟಿ ಊದಿದ. ಬಸ್ಸು ಹತ್ತಿ ಕಿಟಕಿಯಿಂದ ಕತ್ತು ಚಾಚಿದೆ. ಜನ ಅಡ್ಡ ಬಂದರು. ಅವರ ನಡುವೆ ಬೀಗತಿ ಕುಕ್ಕರುಗಾಲಲ್ಲಿ ಕೂತು ಅವನ ಪಾದದ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದರು.