ತುರುಬಿನ ಪೆನ್ಸಿಲ್

ಲಿಫ್ಟ್ ಮೆಕ್ಯಾನಿಕ್‌ನ ಹೆಂಡತಿಯ ತುರುಬಿನಲ್ಲಿದ್ದ ಪೆನ್ಸಿಲ್ ಅಂತಿಂಥ ಪೆನ್ಸಿಲ್ ಅಲ್ಲವೆಂದು ಇಡೀ ಬೀದಿಯೇ ನಂಬಿತ್ತು. ಅದು ಅಲ್ಲಿಗೆ ಯಾವಾಗ ಬಂತೆಂದು ಬಲ್ಲವರಿರಲಿಲ್ಲ. ಅದು ಹೊರಗೆ ಬಂದದ್ದನ್ನು ಕಂಡವರೂ ಇರಲಿಲ್ಲ. ನೆಲಮಹಡಿಯ ಟೈಲರಮ್ಮನ ಪ್ರಕಾರ, ಆಕೆಯ ಮದುವೆಯ ದಿನ ಚರ್ಚಿನಲ್ಲಿ ಬಿಳಿ ಮುಸುಕು ತಲೆಯ ಮೇಲೆ ನಿಂತದ್ದೇ ಆ ಪೆನ್ಸಿಲಿನ ಕೃಪೆಯಿಂದ. ಹಾಲಿನ ಅಂಗಡಿಯವನು ಒಂದು ಹೆಜ್ಜೆ ಮುಂದೆ ಹೋಗಿ, ಆಕೆ ಅದನ್ನು ಎಳೆದ ದಿನ ಮೂರು ಮಹಡಿಯೂ ಕುಸಿದು ನೆಲಕ್ಕೆ ಬರುತ್ತದೆಂದು ಆಣೆಯಿಟ್ಟು ಹೇಳುತ್ತಿದ್ದ. ಹೀಗಾಗಿ ಬೀದಿಯವರು ಆಕೆಗೆ ಪೆನ್ಸಿಲಮ್ಮ ಎಂದು ಹೆಸರಿಟ್ಟು ಕೈತೊಳೆದುಕೊಂಡಿದ್ದರು.

ನಿಜ ಹೇಳಬೇಕೆಂದರೆ, ದಿನಾ ಬೆಳಿಗ್ಗೆ ಒಂಬತ್ತಕ್ಕೆ ಆ ಪೆನ್ಸಿಲ್ ತುರುಬಿನಿಂದ ಇಳಿಯುತ್ತಿತ್ತು. ಕಟ್ಟಡ ಮಾತ್ರ ಈವರೆಗೆ ಅಲುಗಾಡಿರಲಿಲ್ಲ.

ಪೆನ್ಸಿಲಮ್ಮನ ಮೂವರು ಮಕ್ಕಳು ಶಾಲೆಗೆ ಹೋಗುತ್ತಿರಲಿಲ್ಲ. ಶಾಲೆಯೇ ಮೂರನೇ ಮಹಡಿಯ ಊಟದ ಮೇಜಿಗೆ ಬಂದು ಕೂತಿತ್ತು. ಇದಕ್ಕೆ ಕಾರಣ ನಡುವಿನವಳು. ಎರಡು ವರ್ಷ ಶಾಲೆಗೆ ಹೋದ ಆ ಹುಡುಗಿ, ಹಾಜರಿ ಕರೆದಾಗ 'ಎಸ್ ಮಿಸ್' ಅಂದದ್ದು ಬಿಟ್ಟರೆ ತುಟಿ ಬಿಚ್ಚಿರಲಿಲ್ಲ. ಗಂಡ ಹೆಂಡತಿ ಮೊಣಕಾಲೂರಿ ಪ್ರಾರ್ಥಿಸಿ, ಮನೆಯಲ್ಲೇ ಕಲಿಸೋಣ ಎಂದು ತೀರ್ಮಾನಿಸಿದರು. ಆ ಮನೆಶಾಲೆಗೆ ಇದ್ದದ್ದು ಒಂದೇ ಪೆನ್ಸಿಲ್, ಒಂದೇ ಕಾನೂನು. ಪೆನ್ಸಿಲ್ ಯಾರ ಕೈಯಲ್ಲೋ ಅವರೇ ಮೇಷ್ಟ್ರು. ಉಳಿದವರಿಗೆಲ್ಲ ಅರ್ಥವಾಗುವ ತನಕ ಅದನ್ನು ಕೈಬಿಡುವಂತಿಲ್ಲ. ಮೂರನೇ ವಾರಕ್ಕೆ ಪೆನ್ಸಿಲ್ ನಡುವಿನವಳ ಕೈಗೆ ಬಂತು. ಗುಣಾಕಾರ ಹೇಳಿಕೊಡಲು ಶುರುಮಾಡಿದವಳು ಊಟದ ಹೊತ್ತಿಗೂ ನಿಲ್ಲಿಸಲಿಲ್ಲ. ಅಮ್ಮ ಒಲೆಯ ಕಡೆಗೆ ತಿರುಗಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಈರುಳ್ಳಿಯ ಮೇಲೆ ತಪ್ಪು ಹೊರಿಸಿದಳು.

ಇಂಥ ಮನೆಗೆ ಒಂದು ಸೋಮವಾರ ಕಾಗದ ಬಂತು. ಶುಕ್ರವಾರ ಹತ್ತು ಗಂಟೆಗೆ ಶಿಕ್ಷಣ ಇಲಾಖೆಯ ಇನ್ಸ್‌ಪೆಕ್ಟರು ಬಂದು ಮಕ್ಕಳನ್ನು ಪರೀಕ್ಷೆ ಮಾಡುತ್ತಾರೆ. ಅವರಿಗೆ ತೃಪ್ತಿಯಾಗದಿದ್ದರೆ ಮುಂದಿನ ತಿಂಗಳಿಂದ ಮೂವರೂ ಶಾಲೆಗೆ. ನಡುವಿನವಳು ಅದನ್ನು ಓದಿ, ನಾಲ್ಕು ಮಡಿಕೆ ಮಾಡಿ, ಸಕ್ಕರೆ ಡಬ್ಬಿಯ ಕೆಳಗಿಟ್ಟಳು. ಆಮೇಲೆ ಅವತ್ತು ಮಾತಾಡಲಿಲ್ಲ.

ಸುದ್ದಿ ತಿಳಿದ ಗಂಡನ ಅಕ್ಕ ಫೋನ್ ಮಾಡಿದರು. "ಮಕ್ಕಳನ್ನ ಕೋಳಿ ಥರ ಕಾವು ಕೊಟ್ಕೊಂಡು ಎಷ್ಟು ದಿನ ಅಂತ ಕೂತಿರ್ತೀಯೇ?"

"ಮರಿ ಆಗೋ ತನಕ ಅತ್ತಿಗೆ," ಅಂದಳು ಪೆನ್ಸಿಲಮ್ಮ.

ಉತ್ತರವೇನೋ ಪಟ್ಟನೆ ಬಂತು. ಆದರೆ ಫೋನಿಟ್ಟವಳೇ ಸಕ್ಕರೆ ಡಬ್ಬಿ ಎತ್ತಿ, ಕಾಗದವನ್ನು ಇನ್ನೊಮ್ಮೆ ಓದಿದಳು.

ಮಹಾಯುದ್ಧಕ್ಕೆ ಸೇನೆಯನ್ನು ಅಣಿಗೊಳಿಸಲು ಉಳಿದದ್ದು ಮೂರೇ ದಿನ, ಮತ್ತು ಆ ಮೂರು ದಿನಕ್ಕೂ ಯಾರದೋ ಕಣ್ಣು ತಾಗಿರಬೇಕು. ಮಂಗಳವಾರ ಬಟ್ಟೆ ಒಗೆಯುವ ಮೆಷಿನ್ ಪೈಪು ಕಿತ್ತುಕೊಂಡು ಅಡುಗೆಮನೆಯನ್ನು ಕೆರೆ ಮಾಡಿತು. ಬಕೆಟ್ಟಿನಲ್ಲಿ ನೀರು ಎತ್ತಿಹಾಕುತ್ತಲೇ ಮಕ್ಕಳು ಲೀಟರಿನ ಲೆಕ್ಕ ಮುಗಿಸಿದರು. ಬುಧವಾರ ಪಾಸ್ಟರಮ್ಮ ಜಾರಿ ಬಿದ್ದು ಕಾಲು ಉಳುಕಿಸಿಕೊಂಡರು. ಅವರಿಗೆ ಸೂಪು ಒಯ್ಯಬೇಕಾಯಿತು, ಅವರ ಬದಲು ಚರ್ಚಿನ ಹಾಡಿನ ತಂಡಕ್ಕೆ ಅಭ್ಯಾಸ ಮಾಡಿಸಬೇಕಾಯಿತು, ಮೂವರನ್ನೂ ಕೀಬೋರ್ಡಿನ ಹಿಂದೆ ಕೂರಿಸಿ ಎರಡು ಹಾಡಿನ ನಡುವೆ ಭೂಗೋಳ ಒಪ್ಪಿಸಬೇಕಾಯಿತು. ಹಿಂದಿನ ಸಾಲಿನಲ್ಲಿ ಹಾಡುತ್ತಿದ್ದ ಅಜ್ಜಿಯೊಬ್ಬರು ಎರಡು ನದಿಗಳ ಹೆಸರು ಕಲಿತು ಖುಷಿಯಿಂದ ಮನೆಗೆ ಹೋದರು.

ಗುರುವಾರ ಗಂಡನ ಫೋನು.

"ಏನೂ ಗಾಬರಿ ಬೇಡ ಕಣೇ. ಆರನೇ ಮಹಡಿಗೂ ಏಳನೇ ಮಹಡಿಗೂ ನಡುವೆ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದೀನಿ."

"ಅಯ್ಯೋ ದೇವರೇ! ಬಿಡಿಸೋಕೆ ಯಾರನ್ನ ಕರೀತಾರೆ ಅಲ್ಲಿ?"

"ಯಾವಾಗ್ಲೂ ನನ್ನನ್ನೇ ಕರಿಯೋದು."

ಇನ್ನೊಬ್ಬ ಮೆಕ್ಯಾನಿಕ್ ಬರಲು ನಲವತ್ತು ನಿಮಿಷ ಬೇಕಿತ್ತು. ಅಷ್ಟು ಹೊತ್ತು ಅಪ್ಪ ಕತ್ತಲ ಪೆಟ್ಟಿಗೆಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತು, ಫೋನಿನಲ್ಲೇ ಲಿಫ್ಟಿನ ಪಾಠ ಮಾಡಿದ: ರಾಟೆ ಹೇಗೆ ತಿರುಗುತ್ತದೆ, ಹಗ್ಗದ ಈ ತುದಿಯಲ್ಲಿ ಲಿಫ್ಟ್ ಇದ್ದರೆ ಆ ತುದಿಯಲ್ಲಿ ಏನು ತೂಗುತ್ತದೆ. ಈಚೆ ಪೆನ್ಸಿಲ್ ನಡುವಿನವಳ ಕೈಯಲ್ಲಿತ್ತು. ಚಿತ್ರ ಬರೆದಳು. ಆದರೆ ಬಾಯಿ ಬಿಡಲಿಲ್ಲ.

ಶುಕ್ರವಾರ ಹತ್ತಕ್ಕೆ ಸರಿಯಾಗಿ ಇನ್ಸ್‌ಪೆಕ್ಟರು ಬಂದರು. ತೆಳ್ಳಗಿನ ಮೈ, ದಪ್ಪ ಫೈಲು. ರಜೆ ಹಾಕಿದ್ದ ಅಪ್ಪ ಕುರ್ಚಿ ಎಳೆದುಕೊಟ್ಟ. ಇನ್ಸ್‌ಪೆಕ್ಟರು ಕೂತು ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಮನೆಮಂದಿಯೆಲ್ಲ ತಲೆ ಬಾಗಿಸಿ ಕಣ್ಣು ಮುಚ್ಚಿದರು. "ಕರ್ತನೇ, ಈ ದಿನದ ಪಾಠವನ್ನೂ ಇಲ್ಲಿಗೆ ಬಂದಿರುವ ಅತಿಥಿಯನ್ನೂ ಆಶೀರ್ವದಿಸು. ಲಿಫ್ಟಿನಲ್ಲಿ ಸಿಕ್ಕಿಕೊಂಡಿರುವ ಎಲ್ಲರನ್ನೂ ಕಾಪಾಡು," ಎಂದ ಅಪ್ಪ. ಏನು ಮಾಡಬೇಕೆಂದು ತೋಚದೆ ಇನ್ಸ್‌ಪೆಕ್ಟರು ಒಂದು ಕಣ್ಣು ಮಾತ್ರ ಮುಚ್ಚಿಕೊಂಡರು.

ಆಮೇಲೆ ಮೂರು ಪ್ರಶ್ನೆಪತ್ರಿಕೆ ಹಂಚಿ, "ಹೂಂ, ಶುರು ಮಾಡಿ," ಅಂದರು.

ದೊಡ್ಡವನು ಅಮ್ಮನ ಕಡೆ ಕೈ ಚಾಚಿದ. ಪೆನ್ಸಿಲ್ ತುರುಬಿನಿಂದ ಇಳಿಯಿತು, ಕೂದಲು ಬೆನ್ನ ಮೇಲೆ ಬಿತ್ತು. ಅವನು ಗಟ್ಟಿಯಾಗಿ ತನ್ನ ಮೊದಲ ಪ್ರಶ್ನೆ ಓದಿ, ಉತ್ತರ ಬರೆದು, "ಅರ್ಥ ಆಯ್ತೇನ್ರೋ?" ಎಂದ. ಏಳು ವರ್ಷದ ಪುಟ್ಟಿ, "ನಂಗೆ ಆಗ್ಲಿಲ್ಲ," ಅಂದಳು. ಅವನು ಅವಳ ಹಾಳೆಯ ಮೇಲೆಯೇ ಬರೆದು ತೋರಿಸಿದ.

"ಏನಿದು! ನನ್ನ ಕಣ್ಣೆದುರಿಗೇ ಕಾಪಿ?"

ಮಕ್ಕಳು ಮುಖ ಮುಖ ನೋಡಿಕೊಂಡರು. "ಕಾಪಿ ಅಂದ್ರೆ ಏನು ಸಾರ್?" ಎಂದಳು ಪುಟ್ಟಿ.

ಪೆನ್ಸಿಲಮ್ಮ ಹಣೆ ಚಚ್ಚಿಕೊಂಡಳು. ಬೀಜಗಣಿತ ಕಲಿಸಿದ್ದಳು, ಗ್ರಹಣ ಕಲಿಸಿದ್ದಳು, ಗುಂಡಿ ಹೊಲಿಯುವುದನ್ನೂ ಕಲಿಸಿದ್ದಳು. ಪರೀಕ್ಷೆಯಲ್ಲಿ ಗೊತ್ತಿದ್ದದ್ದನ್ನು ಪಕ್ಕದವರಿಗೆ ಹೇಳಬಾರದು ಎಂಬ ಒಂದನ್ನು ಕಲಿಸಲು ಮರೆತೇಬಿಟ್ಟಿದ್ದಳು. ಇನ್ಸ್‌ಪೆಕ್ಟರ ಪೆನ್ನು ಫಾರಮ್ಮಿನ 'ತೃಪ್ತಿಕರವಾಗಿಲ್ಲ' ಎಂಬ ಚೌಕದ ಮೇಲೆ ಹದ್ದಿನ ಹಾಗೆ ಸುತ್ತತೊಡಗಿತು.

"ಸಾರ್, ತಪ್ಪು ನಂದು. ಒಬ್ಬೊಬ್ಬರನ್ನೇ ಕೇಳಿ. ಯಾವ ಪಾಠ ಬೇಕಾದ್ರೂ ಕೇಳಿ."

"ಯಾವುದು ಬೇಕಾದ್ರೂ?" ಇನ್ಸ್‌ಪೆಕ್ಟರು ದೊಡ್ಡವನ ವಿಜ್ಞಾನದ ಪತ್ರಿಕೆ ಎತ್ತಿಕೊಂಡು, ಬೇಕೆಂದೇ ನಡುವಿನವಳ ಕಡೆ ತಿರುಗಿದರು. "ನೀನು ಹೇಳಮ್ಮ. ರಾಟೆ ಹೇಗೆ ಕೆಲಸ ಮಾಡುತ್ತೆ?"

ನಡುವಿನವಳು ನೆಲ ನೋಡಿದಳು. ಒಂದು ನಿಮಿಷ ಕಳೆಯಿತು; ಆ ಒಂದು ನಿಮಿಷದಲ್ಲಿ ಪೆನ್ಸಿಲಮ್ಮ ಆ ಹಳೆಯ ಎರಡು ವರ್ಷಗಳನ್ನು ಇನ್ನೊಮ್ಮೆ ಕಳೆದಳು. ಇನ್ಸ್‌ಪೆಕ್ಟರು ಉಸಿರು ಬಿಟ್ಟು ಮತ್ತೆ ಪೆನ್ನು ಎತ್ತಿದರು.

ಆಗ ಅಮ್ಮನಿಗೆ ಹೊಳೆಯಿತು. ಪೆನ್ಸಿಲ್ ಇನ್ನೂ ದೊಡ್ಡವನ ಮುಷ್ಟಿಯಲ್ಲಿದೆ! ಅದನ್ನು ಕಿತ್ತುಕೊಂಡು, ಯೋಧನ ಕೈಗೆ ಖಡ್ಗ ಕೊಡುವ ಹಾಗೆ ಮಗಳ ಕೈಗಿಟ್ಟಳು.

ನಡುವಿನವಳು ಬೆನ್ನು ನೆಟ್ಟಗೆ ಮಾಡಿದಳು. ಇನ್ಸ್‌ಪೆಕ್ಟರ ಮುಂದಿದ್ದ ಫಾರಮ್ಮನ್ನೇ ಸರ್ರನೆ ಎಳೆದುಕೊಂಡು, ಬೋರಲು ಹಾಕಿ, ಸರ್ಕಾರಿ ಕಾಗದದ ಬೆನ್ನ ಮೇಲೆ ಒಂದು ಲಿಫ್ಟ್ ಬರೆದಳು. "ನೋಡಿ ಸಾರ್, ಇದು ರಾಟೆ. ಈ ಕಡೆ ನೀವು ನಿಂತಿದೀರ..." ಎಂದು ಹೊರಟ ಮಾತು ಆರನೇ ಮಹಡಿ ಹತ್ತಿತು, ಏಳನೆಯದನ್ನೂ ದಾಟಿತು. ಹಗ್ಗ, ಬ್ರೇಕು, ಅಪ್ಪ ಸಿಕ್ಕಿಕೊಂಡ ಕಥೆ, ಎಲ್ಲ ಬಂತು. ಅಪ್ಪ ಬಾಗಿಲ ಮರೆಯಲ್ಲಿ "ಸ್ತೋತ್ರ, ಸ್ತೋತ್ರ" ಎಂದು ಪಿಸುಗುಟ್ಟಿದ.

"ಅರ್ಥ ಆಯ್ತಾ ಸಾರ್?"

"ಆಯ್ತು, ಆಯ್ತು."

"ಹಾಗಾದ್ರೆ ನೀವು ಹೇಳಿ. ಆ ತುದೀಲಿ ಎಷ್ಟು ತೂಕ ಕಟ್ಟಬೇಕು?"

ಇನ್ಸ್‌ಪೆಕ್ಟರು ಗಂಟಲು ಸರಿಮಾಡಿಕೊಂಡರು. "ಅದು... ಲಿಫ್ಟಿನಷ್ಟೇ ತೂಕ."

"ತಪ್ಪು. ಜೊತೆಗೆ ಅರ್ಧ ಜನ."

"ಅರ್ಧ ಜನ ಅಂದ್ರೆ?"

"ಲಿಫ್ಟ್ ತುಂಬ ಜನ ಇದ್ರೆ ಎಷ್ಟು ತೂಕನೋ, ಅದರಲ್ಲಿ ಅರ್ಧ. ಇನ್ನೊಂದ್ಸಲ ಹೇಳಿಕೊಡ್ತೀನಿ, ಗಮನ ಇಟ್ಟು ಕೇಳಿ."

ಅವರು ಗಮನ ಇಟ್ಟು ಕೇಳಿದರು. ಸರಿಯಾಗಿ ಒಪ್ಪಿಸಿದ ಮೇಲಷ್ಟೇ ಪೆನ್ಸಿಲ್ ಅವರ ಕೈಗೆ ಹೋಯಿತು. ದೊಡ್ಡವನು ಪುಟ್ಟಿಯ ಪಾಠವನ್ನೂ, ಪುಟ್ಟಿ ನಡುವಿನವಳ ಪಾಠವನ್ನೂ ಹೇಳಿದ್ದಾಯಿತು. ಮೂರು ತರಗತಿಯ ಪಾಠಗಳೂ ಮೂರೂ ತಲೆಯಲ್ಲಿ ಇದ್ದವು. ಹನ್ನೊಂದೂವರೆಗೆ ಇನ್ಸ್‌ಪೆಕ್ಟರು ಫಾರಮ್ಮನ್ನು ಮತ್ತೆ ಮಗುಚಿ, 'ಅತ್ಯಂತ ತೃಪ್ತಿಕರ' ಎಂಬ ಚೌಕದಲ್ಲಿ ಕಾಗದ ಹರಿಯುವಷ್ಟು ಗಟ್ಟಿಯಾಗಿ ಗುರುತು ಹಾಕಿದರು. ನಡುವಿನವಳು ಆಗಲೇ ಬಾಲ್ಕನಿಗೆ ಓಡಿ, ಕೆಳಗಿದ್ದ ಟೈಲರಮ್ಮನಿಗೆ ಲಿಫ್ಟಿನ ಪಾಠ ಶುರುಮಾಡಿದ್ದಳು. ಆ ಕಟ್ಟಡಕ್ಕೆ ಲಿಫ್ಟೇ ಇರಲಿಲ್ಲ.

ಬಾಗಿಲ ಬಳಿ ಇನ್ಸ್‌ಪೆಕ್ಟರು ನಿಂತು, ಪೆನ್ಸಿಲನ್ನು ಎರಡೂ ಕೈಯಿಂದ ಹಿಂದಕ್ಕೆ ಕೊಟ್ಟರು. "ಇಪ್ಪತ್ತಾರು ವರ್ಷದ ಸರ್ವಿಸಲ್ಲಿ ಇಂಥದ್ದು ನೋಡಿಲ್ಲ ಅಮ್ಮ. ಮೂರು ಮಕ್ಕಳಿಗೆ ಒಂದೇ ಪೆನ್ಸಿಲ್! ಹಂಚಿಕೊಂಡು ಕಲಿಯೋದು, ಕಲಿಸ್ತಾ ಕಲಿಯೋದು. ವರದೀಲಿ ಒಂದು ಪುಟ ಇದನ್ನೇ ಬರೀತೀನಿ. ಎಲ್ಲಿ ಕಲಿತಿರಿ ಈ ಪದ್ಧತೀನ?"

ಪೆನ್ಸಿಲಮ್ಮ ಕೂದಲು ಸುತ್ತಿ, ಪೆನ್ಸಿಲ್ ಸಿಕ್ಕಿಸಿಕೊಂಡಳು.

"ಪದ್ಧತಿ ಗಿದ್ಧತಿ ಏನಿಲ್ಲ ಸಾರ್. ಮಿಕ್ಕ ಪೆನ್ಸಿಲನ್ನೆಲ್ಲ ಪುಟ್ಟಿ ಅಗಿದು ಹಾಕಿದಾಳೆ. ಇದೊಂದು ಅವಳಿಗೆ ಎಟುಕಲ್ಲ."