ಬೆನ್ನು ಮಾತ್ರ ಗೊತ್ತಿದ್ದ ಕಲ್ಲು

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಳೇಬೀಡಿನ ಮ್ಯೂಸಿಯಮ್ಮಿನಲ್ಲಿ ಕಾವಲುಗಾರನ ದನಿ ತೆಗೆದು ನಮ್ಮ ಮನೆಯವರನ್ನೇ ಆಚೆಗಟ್ಟಿದವನು ನಾನು. ಯಾರ ದನಿಯನ್ನಾದರೂ ಕದಿಯಬಲ್ಲೆ ಎಂಬ ಜಂಬ ನನಗೆ. ನಿನ್ನ ಸ್ವಂತದ್ದು ಯಾವುದಪ್ಪಾ ಅಂದರೆ ಮಾತ್ರ ಕೆಮ್ಮು ಬರುತ್ತದೆ. ಮೊನ್ನೆ ಪಕ್ಕದ ತೋಟದಲ್ಲಿ ಯಾರೋ ಕಲ್ಲಿಗೆ ನೀರು ಚಿಮುಕಿಸಿ ಮಚ್ಚು ಮಸೆಯುತ್ತಿದ್ದರು. ಒದ್ದೆ ಕಲ್ಲು, ಕಬ್ಬಿಣ ಸೇರಿದ ಆ ವಾಸನೆಗೆ ದೊಡ್ಡಪ್ಪ ಎದ್ದು ಬಂದಂತಾಯಿತು...

ಅರಸೀಕೆರೆ ಪಕ್ಕದ ನಮ್ಮ ತೆಂಗಿನ ತೋಟದಲ್ಲಿ, ಬಾವಿಯ ಹತ್ತಿರ, ಹಿಂದೆ ಒಂದು ಉದ್ದನೆಯ ಚಪ್ಪಡಿ ಬಿದ್ದಿತ್ತಂತೆ. ಮೂರು ತಲೆಮಾರು ಅದರ ಮೇಲೆ ಮಚ್ಚು ಮಸೆದು ನಡುವೆ ದೋಣಿಯಂಥ ತಗ್ಗು ಬಿದ್ದಿತ್ತು. ದೊಡ್ಡಪ್ಪ ಹರೆಯದಲ್ಲಿ ಒಮ್ಮೆ ಕೊಬ್ಬರಿ ಮಾರಲು ತಿಪಟೂರಿಗೆ ಹೋಗಿ ಬರುವಷ್ಟರಲ್ಲಿ, ಯಾರೋ ಬಂದು ಅದನ್ನು ಮಗುಚಿ ನೋಡಿ, ಇದು ವೀರಗಲ್ಲು ಅಂದು, ತಾತನನ್ನು ಒಪ್ಪಿಸಿ ಹಳೇಬೀಡಿಗೆ ಸಾಗಿಸಿಬಿಟ್ಟಿದ್ದರು. ಕೆತ್ತನೆಯ ಕಡೆಯನ್ನು ದೊಡ್ಡಪ್ಪ ನೋಡಲೇ ಇಲ್ಲ.

"ಆ ವೀರನ ಬೆನ್ನ ಮ್ಯಾಲೆ ಅಷ್ಟು ಮಚ್ಚು ಮಸೆದಿದ್ದೀವಿ. ಒಂದ್ಸಲ ಮಕ ನೋಡಿ, ತಪ್ಪಾಯ್ತು ಮಾರಾಯ ಅಂದು ಬರೋದು ಬ್ಯಾಡ್ವೇನ್ಲಾ?" ಅನ್ನುತ್ತಿದ್ದರು.

ಹಾಗಾಗಿ ಪ್ರತಿ ಸ್ವಾತಂತ್ರ್ಯ ದಿನವೂ ನಮಗೆ ಬಂಧನ. ಶಾಲೆಯ ಮುಂದೆ ಬಾವುಟ ಹಾರಿ, ಕೊಟ್ಟ ಬೂಂದಿ ಬಾಯಲ್ಲಿರುವಾಗಲೇ ದೊಡ್ಡಪ್ಪ, ದೊಡ್ಡಮ್ಮ, ಅಪ್ಪ, ಅಮ್ಮ, ನಾನು ಬಸ್ಸಿಗೆ ಓಡಬೇಕು. ಬಾಣಾವರದ ತನಕ ನಿಂತೇ ಪ್ರಯಾಣ. ಬೇಲೂರು ಅಷ್ಟು ಹತ್ತಿರವಿದ್ದರೂ ಒಂದು ವರ್ಷವೂ ಅತ್ತ ತಲೆ ಹಾಕಲಿಲ್ಲ. "ಅಲ್ಲಿ ನಮ್ಮೋರು ಯಾರವ್ರೆ?" ಅಂತ ದೊಡ್ಡಪ್ಪನ ವಾದ. ದೊಡ್ಡಮ್ಮನ ಚಿತ್ರಾನ್ನದ ಡಬ್ಬಿ ನನ್ನ ತೊಡೆಯ ಮೇಲೆ, ಅದರ ಎಣ್ಣೆ ನನ್ನ ಬಿಳಿ ಅಂಗಿಯ ಮೇಲೆ.

ಮ್ಯೂಸಿಯಮ್ಮಿನ ಅಂಗಳದಲ್ಲಿ ವೀರಗಲ್ಲುಗಳೆಲ್ಲ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದವು. ದೊಡ್ಡಪ್ಪನಿಗೆ ಗೊತ್ತಿದ್ದದ್ದು ಬೆನ್ನು ಮಾತ್ರ. ಜನ ಮುಂದೆ ನಿಂತು ಕೆತ್ತನೆ ನೋಡುತ್ತಿದ್ದರೆ ಇವರು ಕೆನ್ನೆಯನ್ನು ಗೋಡೆಗೆ ಒತ್ತಿ, ಕಲ್ಲಿನ ಸಂದಿಗೆ ಕೈ ತೂರಿಸಿ, ಎಮ್ಮೆ ಪರೀಕ್ಷಿಸುವ ಡಾಕ್ಟರಂತೆ ಕಣ್ಣು ಮುಚ್ಚಿ ತಡಕುತ್ತಿದ್ದರು. ಅಮ್ಮ ನಾಚಿಕೆಯಿಂದ ದೂರದ ಗಣಪತಿಯ ಮುಂದೆ ಹೋಗಿ ನಿಂತುಬಿಡುತ್ತಿದ್ದಳು.

"ಯಜಮಾನ್ರೇ, ಮುಟ್ಟಂಗಿಲ್ಲ," ಕಾವಲುಗಾರ ಬರುತ್ತಿದ್ದ.

"ನಮ್ಮ ಕಲ್ಲು ಕಣಪ್ಪಾ."

"ಯಾವುದು?"

"ಅದೇ ಗೊತ್ತಾಗ್ದೆ ಹುಡುಕ್ತಿರೋದು."

ಎರಡು ವರ್ಷದ ಹಿಂದೆ ನನ್ನ ತಾಳ್ಮೆ ಕೆಟ್ಟಿತು. ಮಧ್ಯಾಹ್ನ, ಹಸಿವು, ಜನಜಂಗುಳಿ; ದೊಡ್ಡಪ್ಪ ಇನ್ನೂ ನಾಲ್ಕನೇ ಕಲ್ಲಿನ ಸಂದಿಯಲ್ಲಿ. ನಾನು ಕಂಬದ ಮರೆಗೆ ಸರಿದು, ಅದೇ ಕಾವಲುಗಾರನ ಮೂಗಿನ ದನಿಯಲ್ಲಿ, "ಟೈಮಾಯ್ತು, ಎಲ್ಲಾ ಆಚೆ ನಡೀರಿ, ಕಲ್ಲಿಂದ ಕೈ ತೆಗೀರಿ" ಅಂದೆ. ದೊಡ್ಡಪ್ಪ ಬೆಚ್ಚಿ ಕೈ ಎಳೆದುಕೊಂಡರು. ನಮ್ಮವರ ಜತೆ ಇನ್ನೂ ಎರಡು ಕುಟುಂಬ ಗೇಟು ದಾಟಿತು. ನನಗೋ ಒಳಗೊಳಗೇ ನಗು.

ವಾಪಸ್ ಬಸ್ಸಿನಲ್ಲಿ ದೊಡ್ಡಪ್ಪ ಬೆರಳ ತುದಿಗಳನ್ನು ಒಂದಕ್ಕೊಂದು ಉಜ್ಜುತ್ತಲೇ ಇದ್ದರು. "ತಗ್ಗಿನ ಅಂಚು ಸಿಕ್ಕಂಗಿತ್ತು ಕಣೋ... ಇನ್ನೊಂದು ಗೇಣು ಕೈ ಹೋಗಿದ್ರೆ ಗೊತ್ತಾಗ್ತಿತ್ತು. ಇರ್ಲಿ, ಬರೋ ವರ್ಷ."

ನನ್ನ ನಗು ಜಾವಗಲ್ ಬರುವ ಮುಂಚೆಯೇ ಇಂಗಿಹೋಯಿತು. ನಾನೇ ಕೂಗಿದ್ದು ಅಂತ ಹೇಳಿದೆ. ಅಪ್ಪ ಬೈದರು, ಅಮ್ಮ ಡಬ್ಬಿಯಿಂದ ತಿವಿದಳು. ದೊಡ್ಡಪ್ಪ ಮಾತ್ರ, "ಥೂ, ಚೆನ್ನಾಗಿ ಮಾಡ್ತೀಯಲ್ಲೋ" ಅಂದು ಕಿಟಕಿಯ ಕಡೆ ತಿರುಗಿದರು.

ಬರೋ ವರ್ಷ ಅವರಿಗೆ ಬರಲಿಲ್ಲ. ಸಂಕ್ರಾಂತಿಯ ಮುಂಚೆಯೇ ಹೊರಟುಹೋದರು...

ಈ ಸಲ ಬಾವುಟ ಹಾರಿದ ಮೇಲೆ ದೊಡ್ಡಮ್ಮನನ್ನು ನಾನೊಬ್ಬನೇ ಕರೆದುಕೊಂಡು ಹೋದೆ. ನಾಲ್ಕನೇ ಕಲ್ಲಿನ ಹಿಂದೆ ಕೆನ್ನೆ ಒತ್ತಿ ಮೊಣಕೈವರೆಗೂ ತೂರಿಸಿದೆ. ಸಪಾಟಾಗಿತ್ತು, ತಗ್ಗೇ ಇಲ್ಲ. ಐದು, ಆರು... ಕಲ್ಲುಗಳ ಜಾಗ ಬದಲಿಸಿದ್ದರೋ, ಅವರ ಬೆರಳಿಗೆ ಗೊತ್ತಿದ್ದದ್ದು ನನ್ನ ಬೆರಳಿಗೆ ಗೊತ್ತಿಲ್ಲವೋ. ದೊಡ್ಡಮ್ಮ ಬಿಸಿಲಲ್ಲಿ ಸೆರಗು ಹೊದ್ದು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಬರಿಗೈ ತೆಗೆಯಲು ಮನಸ್ಸಾಗಲಿಲ್ಲ. ಥೇಟು ದೊಡ್ಡಪ್ಪನ ದನಿಯಲ್ಲೇ, "ಇದೇ ಕಣೇ, ಸಿಕ್ತು" ಅಂದೆ.

ದೊಡ್ಡಮ್ಮ ಆ ಕಲ್ಲಿನ ಮುಖ ನೋಡಲೂ ಇಲ್ಲ. ಚಿತ್ರಾನ್ನದ ಡಬ್ಬಿಯನ್ನು ಕಂಕುಳಿಗೆ ಸೇರಿಸಿಕೊಂಡು ಗೇಟಿನ ಕಡೆ ಹೊರಟಳು.

"ದನಿ ಸರಿಯಾಗೈತೆ. ಮಾತು ಅವ್ರದ್ದಲ್ಲ. ಸಿಕ್ಕದೇ ಇರೋದನ್ನ ಸಿಕ್ತು ಅಂದೋರಲ್ಲ ಅವ್ರು."